ಕೋಳಿ ಬಿಟ್ಟರೂ ಮಸಾಲೆ ಬಿಡಬೇಡಿ

ಪುಣೆಯ ಕನ್ನಡಿಗರೇ, ಅದರಲ್ಲೂ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಚಿಕನ್ ಅಂಗಡಿಯ ಸಾಲಿನಲ್ಲಿ ನಿಲ್ಲುವ ಬಂಧುಗಳೇ, ಈ ಮನವಿ ನಿಮಗೆ. ಹುಟ್ಟಾ ಸಸ್ಯಾಹಾರಿಗಳು ಪುಟ ಮಗುಚಿದರೂ ನನಗೆ ಬೇಸರವಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ನಮ್ಮ ಸಂಘಗಳ ಔತಣದಲ್ಲಿ, ಬೀಗರೂಟದಲ್ಲಿ, ಆಷಾಢದ ‘ಆಖಾಡ್’ ಪಾರ್ಟಿಗಳಲ್ಲಿ ಕೋಳಿಯ ಪಾತ್ರೆಯ ಪಕ್ಕ ಇನ್ನೊಂದು ಪಾತ್ರೆ ಇಡಿ. ಅದರಲ್ಲೂ ಅದೇ ಮಸಾಲೆ ಇರಲಿ, ಅದೇ ಖಾರ, ಅದೇ ಬಣ್ಣ ಇರಲಿ. ಕೋಳಿ ಇರಬಾರದು, ಹಾಲು, ಮೊಸರು, ತುಪ್ಪ, ಬೆಣ್ಣೆಯೂ ಇರಬಾರದು. ಇಷ್ಟು ಮಾಡಿದರೆ, ಮಾಂಸದ ರುಚಿ ಬಲ್ಲವರಾಗಿದ್ದೂ ಅದನ್ನು ಬಿಟ್ಟಿರುವ ನನ್ನಂಥವರು ನಿಮ್ಮ ಪಂಕ್ತಿಯಲ್ಲೇ ಕೂತು, ನಿಮ್ಮ ಹಾಗೆಯೇ ಮೂಗು ಸುರಿಸುತ್ತ ಉಣ್ಣಬಹುದು.

ಈಗ ಏನಾಗುತ್ತಿದೆ ಎಂದರೆ, ಮಾಂಸ ಬಿಟ್ಟೆ ಅಂದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ಅನುಕಂಪ ಮೂಡುತ್ತದೆ, ತಟ್ಟೆಯಲ್ಲಿ ಪನೀರ್ ಬಂದು ಬೀಳುತ್ತದೆ. ಪನೀರ್ ಹಾಲಿನದು, ನಾನು ಹಾಲನ್ನೂ ಬಿಟ್ಟಿದ್ದೇನೆ ಅಂದರೆ ಅನುಕಂಪ ಹೋಗಿ ಅನುಮಾನ ಬರುತ್ತದೆ. ‘ಹಾಗಾದರೆ ಇನ್ನೇನು ತಿನ್ನುತ್ತೀರಿ ಮಾರಾಯ್ರೇ?’ ಆಮೇಲೆ ಉಳಿಯುವುದು ಅನ್ನ, ಸಪ್ಪೆ ದಾಲ್, ಸೌತೆಕಾಯಿ ಹೋಳು. ಒಂದು ಸಂಘದ ವಾರ್ಷಿಕ ಸಮಾರಂಭದಲ್ಲಿ ಬಡಿಸುವ ಹುಡುಗ ನನ್ನ ತಟ್ಟೆಗೆ ಹಪ್ಪಳ ಎರಡು ಹೆಚ್ಚು ಹಾಕಿ ಸಮಾಧಾನ ಮಾಡಿದ್ದ. ಅವನ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹಪ್ಪಳ ಊಟವಲ್ಲ.

ನಾನು ಮಾಂಸ ಬಿಟ್ಟದ್ದು ನಾಲಿಗೆಗೆ ಬೇಡವಾಯಿತೆಂದಲ್ಲ. ಕರಾವಳಿಯವರ ಮನೆಯಲ್ಲಿ ಬೆಳೆದವರಿಗೆ ಕೋರಿ ರೊಟ್ಟಿ, ಸುಕ್ಕ, ಗಸಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಪುಣೆಗೆ ಬಂದ ಮೇಲೆ ಕ್ಯಾಂಪಿನ ಖೀಮಾ ಪಾವ್, ಹುಬ್ಬಳ್ಳಿ-ಗದಗ ಕಡೆಯ ಗೆಳೆಯರ ಮನೆಯ ಸಾವಜಿ ಊಟ ಅದಕ್ಕೆ ಸೇರಿಕೊಂಡವು. ಬಿಡುವಂತೆ ಮಾಡಿದ್ದು ಬ್ರಾಯ್ಲರ್. ಇಂದು ದೇಶದ ಊರೂರಿನಲ್ಲಿ ಸಿಗುವ ಈ ಕೋಳಿಯ ಕತೆಯಲ್ಲಿ ನಮ್ಮ ಪುಣೆಗೆ ದೊಡ್ಡ ಪಾಲಿದೆ. 1971ರಲ್ಲಿ ಶುರುವಾದ ವೆಂಕಟೇಶ್ವರ ಹ್ಯಾಚರೀಸ್‌ನ ಮುಖ್ಯ ಕಚೇರಿ ಇರುವುದು ಇಲ್ಲೇ. ಅದರ ಸ್ಥಾಪಕ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ಹುಟ್ಟಿದ, ದಿನಾ ಮೊಟ್ಟೆ ತಿನ್ನಿರೆಂದು ಟಿವಿಯಲ್ಲಿ ಹಾಡಿ ಹೇಳಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯದೂ ಇದೇ ಊರು. ಅವರು ಕೋಳಿಯನ್ನೂ ಮೊಟ್ಟೆಯನ್ನೂ ಬಡವರ ಕೈಗೆಟಕುವಂತೆ ಮಾಡಿದರು, ರೈತರಿಗೆ ಬೆಲೆ ಸಿಗುವಂತೆ ಮಾಡಿದರು. ಅದು ಸಣ್ಣ ಕೆಲಸವಲ್ಲ. ಆದರೆ ನಮ್ಮಜ್ಜಿ ತಿಂಗಳುಗಟ್ಟಲೆ ಅಂಗಳದಲ್ಲಿ ಸಾಕಿ, ನೆಂಟರು ಬಂದಾಗಲೋ ದೈವದ ಕೆಲಸಕ್ಕೋ ಕೊಯ್ಯುತ್ತಿದ್ದ ಕೋಳಿಗೂ, ಸುಮಾರು 6 ವಾರಕ್ಕೆ ತೂಕ ತುಂಬಿ ತಕ್ಕಡಿ ಏರುವ ಈ ಕೋಳಿಗೂ ಹೆಸರಿನ ಸಂಬಂಧ ಮಾತ್ರ ಉಳಿದಿದೆ ಎಂದು ನನಗನ್ನಿಸತೊಡಗಿತು. ಹಾಲಿನ ಹಿಂದೆ ಗಂಡು ಕರುವಿನ ಪ್ರಶ್ನೆ ಇದೆ, ಅದನ್ನು ಹಟ್ಟಿ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ನನ್ನ ಕಾರಣ ಇಷ್ಟೇ. ನಿಮಗೆ ಇದು ಒಪ್ಪಿಗೆಯಾಗಬೇಕೆಂದು ಒತ್ತಾಯವಿಲ್ಲ. ಮನವಿ ಇರುವುದು ಪಾತ್ರೆಯ ಬಗ್ಗೆ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ನನ್ನದು ಮಡಿಯ ಮಾತಲ್ಲ. ನಮ್ಮ ದೇಶದಲ್ಲಿ ಸಸ್ಯಾಹಾರ ಎನ್ನುವುದು ಊಟದ ಆಯ್ಕೆಯಾಗಿದ್ದದ್ದಕ್ಕಿಂತ ಜಾತಿಯ ಗುರುತಾಗಿದ್ದೇ ಹೆಚ್ಚು. ಪುಣೆಯಲ್ಲಿ ಬಾಡಿಗೆ ಮನೆ ಹುಡುಕಿದ ಎಷ್ಟು ಕನ್ನಡಿಗರು ‘ನಾನ್‌ವೆಜ್ ಮಾಡ್ತೀರಾ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸಿಲ್ಲ? ಆ ಪ್ರಶ್ನೆ ಕೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಶಾಲೆಯ ಬಿಸಿಯೂಟದಿಂದ ಮಕ್ಕಳ ಮೊಟ್ಟೆ ಕಿತ್ತುಕೊಳ್ಳಲು ಹೊರಟವರ ಸಾಲಿಗಂತೂ ಬೇಡವೇ ಬೇಡ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ ನಮ್ಮ ಜನ ವಾರವಿಡೀ ಕಲ್ಲು-ಸಿಮೆಂಟು ಹೊತ್ತು ಭಾನುವಾರ ಒಂದು ತುಂಡು ಮಾಂಸ ತಿಂದರೆ, ಅವರ ಮುಂದೆ ನಿಂತು ಉಪದೇಶ ಮಾಡುವ ಧೈರ್ಯ ನನಗಿಲ್ಲ, ಹಕ್ಕೂ ಇಲ್ಲ. ನಾನು ಮಾತಾಡುತ್ತಿರುವುದು ಒಂದೇ ಊಟಕ್ಕೆ ಮೂರು ಬಗೆ ಮಾಂಸ ಮಾಡಿಸುವಷ್ಟು ಅನುಕೂಲವಿರುವ ನಮ್ಮ ನಿಮ್ಮ ನಡುವೆ.

ಇದೇ ಕಾರಣಕ್ಕೆ, ಮಾಂಸವೂ ಹಾಲೂ ಇಲ್ಲದ ಈ ವೀಗನ್ ಊಟ ಎಂದರೆ ನೀರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾತ್ವಿಕ ಊಟ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ನಾಲಿಗೆ ಎಲ್ಲಿತ್ತೋ ಅಲ್ಲೇ ಇದೆ.

ಮೆಚ್ಚಿನ ಅಡುಗೆಯನ್ನು ಬದಲಿಸಿದರೆ ಅದು ಅದೇ ಅಡುಗೆಯಾಗಿ ಉಳಿಯುತ್ತದೆಯೇ ಎಂಬ ಜಗಳ ನಮ್ಮದು ಮಾತ್ರವಲ್ಲ. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರು ತರಿಸಿಕೊಂಡು ತಿನ್ನುವ ಬರಿಟೋ, ನಾಚೋಸ್ ಇವೆಯಲ್ಲ, ಆ ಟೆಕ್ಸ್-ಮೆಕ್ಸ್ ಅಡುಗೆಯ ಇತಿಹಾಸವೇ ಈ ಜಗಳದ ಇತಿಹಾಸ. ಅದು ಗಡಿನಾಡಿನ ಅಡುಗೆ. ಟೆಕ್ಸಸ್ 1836ರವರೆಗೆ ಮೆಕ್ಸಿಕೊ ದೇಶದ ಭಾಗವಾಗಿತ್ತು. ಗಡಿ ಸರಿಯಿತು, ಒಲೆ ಇದ್ದಲ್ಲೇ ಇತ್ತು. ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆ ಹೊತ್ತು ಹೆಂಗಸರು ಕುದಿಯುವ ಚಿಲಿ, ಅಂದರೆ ಮೆಣಸಿನ ಖಾರದ ಮಾಂಸದ ಗೊಜ್ಜು, ಇಟ್ಟುಕೊಂಡು ಮಾರುತ್ತಿದ್ದರು. 1893ರ ಶಿಕಾಗೊ ಜಾಗತಿಕ ಮೇಳದಲ್ಲಿ ಆ ಚಿಲಿಯ ಅಂಗಡಿ ಇತ್ತು. ನಮ್ಮವರು ವಿವೇಕಾನಂದರನ್ನು ನೆನೆಯುವ ಶಿಕಾಗೊ ಅದೇ, ವರ್ಷವೂ ಅದೇ. ನಾಚೋಸ್ ಹುಟ್ಟಿದ್ದು 1940ರ ದಶಕದ ಮೊದಲ ವರ್ಷಗಳಲ್ಲಿ, ಟೆಕ್ಸಸ್ ಗಡಿಗೆ ಅಂಟಿಕೊಂಡ ಪಿಯೆದ್ರಾಸ್ ನೆಗ್ರಾಸ್ ಎಂಬ ಮೆಕ್ಸಿಕನ್ ಊರಿನಲ್ಲಿ. ಇಗ್ನಾಸಿಯೊ ಅನಾಯ ಎಂಬವರು ಹೋಟೆಲಿಗೆ ಬಂದ ಗಿರಾಕಿಗಳಿಗೆ ಕೈಗೆ ಸಿಕ್ಕಿದ್ದನ್ನೇ ಜೋಡಿಸಿ ಕೊಟ್ಟ ತಿಂಡಿ ಅದು. 1977ರಲ್ಲಿ ಟೆಕ್ಸಸ್ ಸರಕಾರ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಸಾರಿತು. ಅದಕ್ಕೆ ಬೀನ್ಸ್ ಹಾಕಿದರೆ ಅದು ಚಿಲಿಯೇ ಅಲ್ಲ ಎಂದು ತೊಡೆ ತಟ್ಟುವವರು ಅಲ್ಲಿ ಈಗಲೂ ಇದ್ದಾರೆ. ಹಾಗಿದ್ದೂ ಅಲ್ಲಿಯ ಎಷ್ಟೋ ಮಾಂಸಪ್ರಿಯರು ಬೀನ್ಸು, ಅಣಬೆ, ಸೋಯಾ ಹಾಕಿ ತಮ್ಮ ಚಿಲಿಯನ್ನು ಮಾಡಿಕೊಂಡು ಉಣ್ಣುತ್ತಿದ್ದಾರೆ, ಆಕಾಶವೇನೂ ಕಳಚಿ ಬಿದ್ದಿಲ್ಲ.

ಅವರಿಗೆ ಹೋಲಿಸಿದರೆ ನಮ್ಮ ಕೆಲಸ ಸಲೀಸು. ಅವರ ಚಿಲಿಯ ಮೇಲೆ ಚೀಸು, ಪಕ್ಕದಲ್ಲಿ ಹುಳಿ ಕ್ರೀಮು. ಮಾಂಸ ತೆಗೆದರೂ ಹಾಲು ಉಳಿಯುತ್ತದೆ. ನಮ್ಮ ಕೋರಿ ರೊಟ್ಟಿಯಲ್ಲಿ ಕೋಳಿಯನ್ನೂ, ಕೆಲವರು ಮಸಾಲೆ ಹುರಿಯಲು ಹಾಕುವ ತುಪ್ಪವನ್ನೂ ಬಿಟ್ಟರೆ ಮಿಕ್ಕದ್ದೆಲ್ಲ ಗಿಡಮರದ್ದೇ. ರೊಟ್ಟಿ ಅಕ್ಕಿಯದು. ರಸಕ್ಕೆ ಮೈ ಕೊಡುವುದು ಕಾಯಿಹಾಲು. ಮೆಣಸು ಬ್ಯಾಡಗಿಯದು, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು. ಅದರ ಮೂಲ ಹುಡುಕಿದರೆ ಅದೂ ಪೋರ್ಚುಗೀಸರ ಹಡಗು ಹತ್ತಿ ಮೆಕ್ಸಿಕೊ ಕಡೆಯ ಸೀಮೆಯಿಂದ ಬಂದದ್ದೇ.

ಕೋಳಿಯ ಜಾಗದಲ್ಲಿ ಏನು? ಎರಡು ದಾರಿ ಹೇಳುತ್ತೇನೆ, ಎರಡೂ ಪುಣೆಯಲ್ಲಿ ಸಲ್ಲುವಂಥವು.

ಮೊದಲನೆಯದು ಗುಜ್ಜೆ. ಬೇಸಿಗೆಯ ಮೊದಲ ದಿನಗಳಲ್ಲಿ ಕೊಂಕಣದ ಎಳೆ ಹಲಸು ಮಂಡಯಿಗೂ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೂ ಬರುತ್ತದೆ. ಮರಾಠಿಯವರಲ್ಲಿ ‘ಕುಯರಿ’ ಎಂದು ಕೇಳಿ, ತಿಳಿಯುತ್ತದೆ. ಬೀಜ ಇನ್ನೂ ಗಟ್ಟಿಯಾಗದ್ದನ್ನು ಆರಿಸಿ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಸಿಪ್ಪೆ ತೆಗೆದು, ದೊಡ್ಡ ಹೋಳು ಮಾಡಿ, ಉಪ್ಪು-ಅರಸಿನ ಹಾಕಿ ಮುಕ್ಕಾಲು ಪಾಲು ಮಾತ್ರ ಬೇಯಿಸಿ. ಪೂರ್ತಿ ಬೆಂದರೆ ಮುದ್ದೆಯಾಗುತ್ತದೆ. ಆ ಹೋಳುಗಳ ನೀರು ಬಸಿದು, ಅಗಲ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಅಂಚು ಕೆಂಪಾಗುವವರೆಗೆ ಮುಟ್ಟದೆ ಬಿಡಿ. ಈ ಹಂತವನ್ನು ದಾಟಿಸುವ ಆತುರ ಎಲ್ಲರಿಗೂ ಇರುತ್ತದೆ. ಮಾಂಸ ಹುರಿಯುವಾಗ ಮನೆ ತುಂಬುವ ಘಮದಲ್ಲಿ ಅರ್ಧ ಪಾಲು ಹೀಗೆ ಕೆಂಪಾಗುವುದರಿಂದಲೇ ಬರುವುದು. ಹಸಿ ತೇವದಲ್ಲಿ ಬೇಯಿಸಿದ ಹೋಳಿಗೆ ಅದು ಬರುವುದಿಲ್ಲ. ಆಮೇಲೆ ಹುರಿದು ಅರೆದ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆಯ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ನೀರಾದ ಕಾಯಿಹಾಲು ಮೊದಲು, ದಪ್ಪ ಹಾಲು ಕೊನೆಗೆ. ಕೊನೆಯ ಒಗ್ಗರಣೆಗೆ ನೀರುಳ್ಳಿ ಕಪ್ಪು-ಕೆಂಪಿನ ಗಡಿ ಮುಟ್ಟಬೇಕು. ಒಲೆ ಆರಿಸಿ ಮುಚ್ಚಿಟ್ಟು ಎರಡು ಗಂಟೆ ಬಿಟ್ಟರೆ ಗುಜ್ಜೆ ಮಸಾಲೆಯನ್ನು ಒಳಗೆಳೆದುಕೊಳ್ಳುತ್ತದೆ. ರೊಟ್ಟಿ ಮುರಿದು ಹಾಕಿ, ಮೇಲೆ ರಸ ಸುರಿದು, ಅರ್ಧ ಮೆತ್ತಗೆ ಅರ್ಧ ಗರಿಗರಿಯಾಗಿರುವಾಗ ಉಣ್ಣಿ. ನಾಚೋಸ್ ಮಾರುವವರಿಗೆ ಒಮ್ಮೆ ಇದನ್ನು ತಿನ್ನಿಸಬೇಕು.

ಎರಡನೆಯದು ಸೋಯಾ, ನಮ್ಮ ಕಡೆ ಮೀಲ್‌ಮೇಕರ್ ಎನ್ನುವುದು. ಇದಕ್ಕೂ ಪುಣೆಗೂ ನಂಟಿದೆ. ಆಗರ್ಕರ್ ರಸ್ತೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಮಹಾರಾಷ್ಟ್ರ ವಿಜ್ಞಾನ ವರ್ಧಿನಿ ಶುರುವಾದದ್ದು 1946ರಲ್ಲಿ. ಅಲ್ಲಿಯ ವಿಜ್ಞಾನಿಗಳು ಎಂಎಸಿಎಸ್ ಹೆಸರಿನ ಸೋಯಾ ತಳಿಗಳನ್ನು ಬೆಳೆಸುತ್ತ ಬಂದಿದ್ದಾರೆ. ಎಂಎಸಿಎಸ್ 1407 ಇತ್ತೀಚಿನವುಗಳಲ್ಲೊಂದು, ಹೆಕ್ಟೇರಿಗೆ 39 ಕ್ವಿಂಟಾಲ್ ಇಳುವರಿ ಕೊಡಬಲ್ಲದ್ದು. ಲಾತೂರಿನ ರೈತರೂ ನಮ್ಮ ಬೀದರ್, ಬೆಳಗಾವಿಯ ರೈತರೂ ಸೋಯಾ ಬೆಳೆಯುತ್ತಾರೆ. ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಬಿಸಿಯಲ್ಲಿ ಒತ್ತಿ ಹೊರತಳ್ಳಿದಾಗ ಉಬ್ಬಿ ಉಂಡೆಯಾಗುವುದೇ ಮೀಲ್‌ಮೇಕರ್. ಒಣಗಿದ್ದರಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ನೆನೆದು ನೀರು ಕುಡಿದ ಮೇಲೆ ತಟ್ಟೆಯಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಪ್ಯಾಕೆಟ್ ಮೇಲಿನ ಅಂಕಿ ನೋಡಿ ಮೀಸೆ ತಿರುವಬೇಡಿ. ಎಣ್ಣೆ ಕಳೆದುಕೊಂಡು ಬಂದ ಪದಾರ್ಥವಾದ್ದರಿಂದಲೇ ಅದು ಬರೀ ಸಾರಿನಲ್ಲಿ ಕುದಿಸಿದರೆ ಒದ್ದೆ ಸ್ಪಂಜಿನಂತೆ ನಾಲಿಗೆಗೆ ತಗಲುವುದು. ಉಪ್ಪು ಹಾಕಿದ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ಹೊಸ ನೀರಲ್ಲಿ ತೊಳೆದು ಹಿಂಡಿ, ಹಸಿ ವಾಸನೆ ಹೋದ ಮೇಲೆ ಎಣ್ಣೆಯಲ್ಲಿ ಕೆಂಪಾಗಿ ಹುರಿಯಿರಿ. ಕಳೆದುಹೋದ ಜಿಡ್ಡನ್ನು ನಾವು ವಾಪಸು ಕೊಡಬೇಕು, ಕಾಯಿಹಾಲಿನಿಂದಲೋ ಹುರಿದ ಕೊಬ್ಬರಿಯಿಂದಲೋ ಶೇಂಗಾದಿಂದಲೋ. ಸಾವಜಿ ಅಡುಗೆ ಬಲ್ಲ ಅಕ್ಕಂದಿರು ಒಣ ಕೊಬ್ಬರಿ, ಗಸಗಸೆ ಸುಟ್ಟು ಅರೆಯುವ ಆ ಕರಿಮಸಾಲೆಯನ್ನು ಸೋಯಾ ಪುಡಿಯ ಖೀಮಾಕ್ಕೆ ಹಾಕಿ ನೋಡಲಿ. ಪಾವಿನ ಜತೆ ಕೊಟ್ಟರೆ ಕ್ಯಾಂಪಿನಲ್ಲಿ ಬೆಳೆದವರೂ ಎರಡನೇ ಸಲ ಕೇಳುತ್ತಾರೆ.

ಮೀನಿಗೆ ಮಾತ್ರ ಬದಲಿ ಇಲ್ಲ. ಬಾಳೆಕಾಯಿ ಹೋಳಿಗೆ ಬಂಗುಡೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿದರೆ ಒಳ್ಳೆಯ ಬಾಳೆಕಾಯಿ ಸಿಗುತ್ತದೆ, ಬಂಗುಡೆ ಸಿಗುವುದಿಲ್ಲ. ಆ ಆಸೆ ಹುಟ್ಟಿಸಿ ಯಾರನ್ನೂ ಮೋಸ ಮಾಡಲಾರೆ.

ಮನೆಯಲ್ಲಿ ಮಕ್ಕಳಿದ್ದು ಅವರಿಗೆ ಟೆಕ್ಸ್-ಮೆಕ್ಸೇ ಬೇಕೆಂದಿದ್ದರೆ, ನಾರಾಯಣ ಪೇಟೆಯ ಬೇಡೇಕರ್ ಮಿಸಳ್ ತಿಂದು ಬನ್ನಿ, ಉತ್ತರ ಅಲ್ಲೇ ಇದೆ. ಮೊಳಕೆ ಕಾಳು, ಖಾರದ ರಸ, ಮೇಲೆ ಗರಿಗರಿ ಫರಸಾಣ, ಹಸಿ ನೀರುಳ್ಳಿ, ಲಿಂಬೆ. ಬೀನ್ಸ್ ಹಾಕಿದ ಚಿಲಿಗೆ ಇದಕ್ಕಿಂತ ಹತ್ತಿರದ ನೆಂಟ ಯಾರು? ಮನೆಯಲ್ಲಿ ಮೊಳಕೆ ಕಾಳಿನ ಬದಲು ರಾಜ್ಮಾ ಬೇಯಿಸಿ ಅದೇ ರೀತಿ ಮಾಡಿ, ಎಂ.ಜಿ. ರಸ್ತೆಯ ಬುಧಾನಿಯ ಆಲೂ ವೇಫರ್ಸ್ ಹರಡಿ ಅದರ ಮೇಲೆ ಸುರಿದು, ನೆನೆಸಿದ ಗೋಡಂಬಿಗೆ ಲಿಂಬೆರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿದ ಕ್ರೀಮ್ ಮೇಲೆ ಬಿಡಿ. ಮಕ್ಕಳು ಚೀಸ್ ಎಲ್ಲಿ ಎಂದು ಕೇಳಬಹುದು. ತಟ್ಟೆ ಖಾಲಿಯಾದ ಮೇಲೆ ಕೇಳುತ್ತಾರೆ.

ಈಗ ಹೋಟೆಲಿನವರಿಗೆ. ಈ ಊರಿಗೆ ಇಡ್ಲಿ-ದೋಸೆ ತಿನ್ನಲು ಕಲಿಸಿದವರು ನಮ್ಮ ಶೆಟ್ಟರು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರನ್ನು 2023ರಲ್ಲಿ ಕಳೆದುಕೊಂಡಾಗ ಕನ್ನಡಿಗರಷ್ಟೇ ಅಲ್ಲ, ಇಡೀ ಪುಣೆಯೇ ತನ್ನ ಕಾಲೇಜು ದಿನಗಳನ್ನು ನೆನೆಯಿತು. ಅಷ್ಟು ಮಾತು ನಡೆಯುವ ಅಣ್ಣಂದಿರಲ್ಲಿ ಕೋರಿಕೆ ಇಷ್ಟು: ಯಾವ ತಿಂಡಿಗೆ ಹಾಲು, ತುಪ್ಪ, ಬೆಣ್ಣೆ, ಮೊಸರು ಬೀಳುತ್ತದೆಂದು ಮೆನುವಿನಲ್ಲಿ ಒಂದು ಗುರುತು ಹಾಕಿ. ಇಡ್ಲಿ, ವಡೆ, ಸಾಂಬಾರ್ ಸಾಮಾನ್ಯವಾಗಿ ನಮಗೆ ಸಲ್ಲುತ್ತವೆ. ಉಪ್ಪಿಟ್ಟಿನ ಮೇಲಿನ ತುಪ್ಪ, ದೋಸೆ ಹಂಚಿಗೆ ಸವರುವ ಬೆಣ್ಣೆ, ನಾನ್ ಹಿಟ್ಟಿನ ಮೊಸರು, ಗ್ರೇವಿಯ ಕ್ರೀಮ್ ಕಣ್ಣಿಗೆ ಕಾಣುವುದಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ನಮಗೆ ನೆರವಾಗದು, ಹಾಲಿದ್ದರೂ ಆ ಚುಕ್ಕೆ ಬರುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ಮಾಡಿ ಬೇರೆ ಗುರುತು ಕೊಟ್ಟದ್ದು ಇದಕ್ಕೇ. ಹೋಟೆಲಿಗೆ ಆ ಮುದ್ರೆ ಬೇಡ. ‘ಇದರಲ್ಲಿ ತುಪ್ಪ ಇದೆಯಾ?’ ಎಂದರೆ ವೇಟರ್ ಹುಡುಗ ಒಳಗೆ ಹೋಗಿ ಭಟ್ಟರನ್ನು ಕೇಳಿ ಬಂದು ನಿಜ ಹೇಳಿದರೆ ಸಾಕು. ‘ಸ್ವಲ್ಪ ಇದೆ, ಏನಾಗಲ್ಲ ಸರ್’ ಎಂಬ ಉತ್ತರ ಬೇಡ.

ಆರೋಗ್ಯದ ವಿಚಾರವನ್ನು ಮುಚ್ಚಿಡುವುದು ನ್ಯಾಯವಲ್ಲ. ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಟ್ಟವರಿಗೆ ಬಿ12 ಊಟದಿಂದ ಸಿಗುವುದಿಲ್ಲ, ಮಾತ್ರೆ ತೆಗೆದುಕೊಳ್ಳಲೇಬೇಕು. ಈ ಊರಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಶುರುಮಾಡಿದ ತಾಯಂದಿರ ಪೋಷಣೆಯ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಬಸುರಿಯರ ಬಿ12 ಮಟ್ಟ ಕಡಿಮೆ ಇದ್ದದ್ದು ಗೊತ್ತಾಯಿತು. ಅವರು ವೀಗನ್ನರೂ ಆಗಿರಲಿಲ್ಲ. ಹಾಲು ಬಿಡುವ ಹಟ ತೊಟ್ಟಿದ್ದ ಗಾಂಧೀಜಿ ಕಾಯಿಲೆ ಬಿದ್ದು ಕೊನೆಗೆ ಆಡಿನ ಹಾಲಿಗೆ ಒಪ್ಪಿಕೊಂಡರು. ಬಿ12 ಎಂಬ ವಸ್ತುವನ್ನು ವಿಜ್ಞಾನಿಗಳು ಬೇರ್ಪಡಿಸಿ ಕಂಡದ್ದು ಅವರು ತೀರಿಕೊಂಡ 1948ರಲ್ಲಿ. ನಮಗೆ ಆ ನೆವವಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ. ಬಸುರಿಯರೂ ಚಿಕ್ಕ ಮಕ್ಕಳ ತಾಯಂದಿರೂ ಯಾರದೋ ಮನವಿ ಓದಿ ಊಟ ಬದಲಿಸಬೇಡಿ, ನನ್ನದನ್ನೂ ಸೇರಿಸಿ.

ವೀಗನ್ ಗೆಳೆಯರಿಗೂ ಒಂದು ಮಾತು. ಪಂಕ್ತಿಯಲ್ಲಿ ಕೂತು ಪಕ್ಕದವರ ತಟ್ಟೆಯ ಮೂಳೆ ಎಣಿಸಬೇಡಿ, ಕಸಾಯಿಖಾನೆಯ ವೀಡಿಯೊ ತೋರಿಸಬೇಡಿ. ಅಡುಗೆ ಮಾಡಿಕೊಂಡು ಬನ್ನಿ.

ಪುಣೆ ಕನ್ನಡ ಸಂಘ, ಬಂಟರ ಸಂಘ, ತುಳು ಕೂಟ, ಉತ್ತರ ಕರ್ನಾಟಕದವರ ಬಳಗಗಳು, ಅಪಾರ್ಟ್‌ಮೆಂಟುಗಳ ಪುಟ್ಟ ಕನ್ನಡ ಕೂಟಗಳು, ಎಲ್ಲರ ಊಟದ ಸಮಿತಿಯವರೂ ಇದನ್ನು ಓದುತ್ತಾರೆಂದು ನಂಬಿದ್ದೇನೆ. ಶ್ರಾವಣ ಬರುವಾಗ ಹೇಗೂ ಅರ್ಧ ಪುಣೆ ಮಾಂಸ ಬಿಡುತ್ತದೆ. ಆ ತಿಂಗಳಲ್ಲೇ ಒಂದು ಊಟಕ್ಕೆ ಪ್ರಯೋಗ ಮಾಡಿ ನೋಡಿ, ನಿಮ್ಮ ಅಡುಗೆಯವರಿಗೂ ಕೈ ಕೂಡುತ್ತದೆ. ಖರ್ಚು ಹೆಚ್ಚಾಗುವುದಿಲ್ಲ, ಸೋಯಾ ಕೋಳಿಗಿಂತ ಅಗ್ಗ. ಮಸಾಲೆ ಒಂದೇ ಅರೆತ. ಕೋಳಿ ಬೀಳುವ ಮುಂಚೆ ನಾಲ್ಕನೇ ಒಂದು ಪಾಲು ತೆಗೆದು ಬೇರೆ ಪಾತ್ರೆಗೆ ಹಾಕಬೇಕು, ಅಷ್ಟೇ. ಮಸಾಲೆ ಹುರಿಯುವುದು ಎಣ್ಣೆಯಲ್ಲಾಗಲಿ, ತುಪ್ಪ ಬೇಕಾದವರು ಕೋಳಿಯ ಪಾತ್ರೆಗೆ ಆಮೇಲೆ ಸುರಿದುಕೊಳ್ಳಲಿ. ಪಾತ್ರೆಯ ಮುಂದೆ ‘ಕೋಳಿ ಇಲ್ಲ, ಹಾಲು-ತುಪ್ಪ ಇಲ್ಲ, ಖಾರ ಇದೆ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಚೀಟಿ ಅಂಟಿಸಿ. ಮತ್ತೆ ಅದಕ್ಕೆ ಸೌಟು ಬೇರೆ ಇಡಿ; ಬಡಿಸುವ ಹುಡುಗರಿಗೆ ಮೊದಲೇ ಹೇಳಿಡಿ, ಗಡಿಬಿಡಿಯಲ್ಲಿ ಕೋಳಿಯ ಸೌಟೇ ಇದರೊಳಗೆ ಇಳಿಯುತ್ತದೆ.